ಹನ್ನೆರಡು ಗಂಟೆಯ ನೆರಳು

ಅವರ ಕೈಯಲ್ಲಿ ಯಾವಾಗಲೂ ಒಂದು ಕರಿ ಛತ್ರಿ ಇರುತ್ತಿತ್ತು. ಅದನ್ನು ಬಿಚ್ಚಿದ್ದನ್ನು ನಾನು ಕಂಡದ್ದು ಕಡಿಮೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲೂ ಮಡಚಿ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ನಡೆದು ಬರುತ್ತಿದ್ದರು. ಅಂಗಳದಲ್ಲಿ ಯಾರಾದರೂ ಏನಾದರೂ ಕೇಳಿದರೆ ಛತ್ರಿಯ ತುದಿಯನ್ನು ಮಣ್ಣಿಗೆ ಊರಿ ನಿಲ್ಲಿಸಿ, ಅದರ ನೆರಳನ್ನು ತೋರಿಸಿ ಮಾತು ಶುರು ಮಾಡುತ್ತಿದ್ದರು.

"ಬಿಚ್ಚರಿ ಮೇಡಂ, ತಲಿ ಸುಡತೈತಿ" ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಬಿಚ್ಚಿದ್ರ ಇದು ಬರೇ ಛತ್ರಿ ಆಗ್ತೈತ್ರಿ ಅಣ್ಣಾರ" ಎಂದರು.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಕಾಲೇಜಿನವರು ಅವರ ನೆನಪಿಗೆ ಒಂದು ಸಣ್ಣ ಪುಸ್ತಕ ತರುತ್ತಿದ್ದಾರೆ. ಹೊಸ ಉಪನ್ಯಾಸಕರೊಬ್ಬರು ಫೋನ್ ಮಾಡಿ, "ಕಾಕಾ, ನೀವು ಅವರ ಕೂಡ ಲ್ಯಾಬಿನ್ಯಾಗ ಇಪ್ಪತ್ತು ವರ್ಷ ಇದ್ದವ್ರು. ನಾಕು ಚಲೋ ಮಾತು ಬರದು ಕೊಡ್ರಿ" ಎಂದರು. ಆಗಲಿ ಎಂದೆ. ನಾಲ್ಕಲ್ಲ, ನಲವತ್ತು ಒಳ್ಳೆಯ ಮಾತುಗಳು ನನ್ನ ಹತ್ತಿರ ಇವೆ. ಆದರೆ ಅವನ್ನಷ್ಟೇ ಬರೆದು ಕೊಟ್ಟರೆ ಅವರ ವಿಷಯದಲ್ಲಿ ನಾನು ಇನ್ನೊಮ್ಮೆ ಸುಳ್ಳು ಬರೆದಂತಾಗುತ್ತದೆ. ಒಮ್ಮೆ ಬರೆದದ್ದೇ ಸಾಕು. ಅವರ ಹೆಸರನ್ನು ನಾನು ಹಾಕುವುದಿಲ್ಲ. ಅದು ಪುಸ್ತಕದ ಮೇಲೆ ಇದ್ದೇ ಇರುತ್ತದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಮೇಡಂ ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ಆ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಸಾಮಾನು ತೆಗೆದು ಕೊಡುವುದು, ಒರೆಸಿ ಇಡುವುದು, ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೇಜು ಜೋಡಿಸುವುದು ನನ್ನ ಕೆಲಸ. ಇದರ ಜೊತೆಗೆ, ಯಾರೂ ಹೇಳಿಕೊಡದೆ ಎಲ್ಲ ಲ್ಯಾಬಿನ ಅಟೆಂಡರುಗಳೂ ಕಲಿಯುವ ಇನ್ನೊಂದು ಕೆಲಸವಿದೆ. ಯಾವ ಪ್ರಯೋಗಕ್ಕೆ ಯಾವ ರೀಡಿಂಗ್ ಬರಬೇಕು ಎಂಬುದು ನಮಗೆ ಬಾಯಿಪಾಠ. ಪರೀಕ್ಷೆಯಲ್ಲಿ ಹುಡುಗನಿಗೆ ಪ್ರಯೋಗ ಕೂಡಿಬರದಿದ್ದರೆ ಅವನ ಪಕ್ಕ ಬಟ್ಟೆಯಿಂದ ಮೇಜು ಒರೆಸುತ್ತ ಅಂಕಿಗಳನ್ನು ಮೆಲ್ಲಗೆ ಹೇಳಿಬಿಡುತ್ತಿದ್ದೆವು. ಅದನ್ನು ನಾವು ಪುಣ್ಯದ ಕೆಲಸ ಎಂದೇ ತಿಳಿದಿದ್ದೆವು. ಹುಡುಗರು ಪಾಸಾಗಿ ಹೋದ ಮೇಲೂ ಗಾಂಧಿ ಚೌಕದಲ್ಲಿ ಸಿಕ್ಕರೆ, "ಕಾಕಾ, ನಿಮ್ಮಿಂದ ಉಳಕೊಂಡ್ನಿ ನೋಡ್ರಿ" ಎಂದು ಚಹಾ ಕುಡಿಸುತ್ತಿದ್ದರು.

ಮೇಡಂ ಇದನ್ನು ಬಂದ ಮೊದಲ ವರ್ಷವೇ ಹಿಡಿದರು. ಪರೀಕ್ಷೆಯ ಬೆಳಿಗ್ಗೆ ನನಗೆ ತಿಳಿಯದ ಹಾಗೆ ಲೋಲಕದ ದಾರವನ್ನು ಒಂದು ಗೇಣು ಗಿಡ್ಡ ಮಾಡಿ ಕಟ್ಟಿದ್ದರು. ನಾನು ಹಳೆಯ ಅಂಕಿಯನ್ನೇ ಹೇಳಿದೆ, ಹುಡುಗರು ಅದನ್ನೇ ಬರೆದರು. ಸಂಜೆ ನನ್ನನ್ನು ಕರೆದು ಲೋಲಕವನ್ನು ಒಮ್ಮೆ ತೂಗಿಬಿಟ್ಟು, "ಇದು ನಿಮ್ಮ ಮಾತು ಕೇಳವಲ್ದು ನೋಡ್ರಿ ಅಣ್ಣಾರ" ಎಂದು ನಕ್ಕರು. ಪ್ರಿನ್ಸಿಪಾಲರ ತನಕ ಒಯ್ಯಲಿಲ್ಲ. ಇನ್ನು ಮುಂದೆ ಹೇಳುವುದಿಲ್ಲ ಎಂದು ನಾನೂ ಮಾತು ಕೊಟ್ಟೆ.

ಬಬಲೇಶ್ವರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಗಿಡ್ಡ ಆಳು, ಕಾಟನ್ ಸೀರೆ, ಹೆಗಲಿಗೆ ಒಂದು ಬಟ್ಟೆಯ ಥೈಲಿ. ಥೈಲಿಯಲ್ಲಿ ಟಾರ್ಚಿನ ಬಲ್ಬು, ಸೆಲ್ಲು, ವೈರಿನ ತುಂಡು, ಆಯಸ್ಕಾಂತ. ಊಟದ ಡಬ್ಬಿಯನ್ನು ಬೇಕಾದರೆ ಮರೆತು ಬರುತ್ತಿದ್ದರು, ಇವನ್ನು ಮರೆತದ್ದಿಲ್ಲ. ಬಿ.ಎಸ್ಸಿ. ಪಾಠವನ್ನು ಎಲ್ಲರಂತೆ ಮಾಡುತ್ತಿದ್ದರು. ಅವರ ಜೀವ ಇದ್ದದ್ದು ಬೇರೆ ಕಡೆ. ಬಿ.ಎ., ಬಿ.ಕಾಂ. ಹುಡುಗರಿಗೆ ಭೌತವಿಜ್ಞಾನದ ಒಂದು ಪೇಪರ್ ಇಟ್ಟಿದ್ದರು, ಯಾರಿಗೂ ಬೇಡವಾದದ್ದು. ಅದನ್ನು ಇವರು ಕೇಳಿ ತೆಗೆದುಕೊಂಡರು. ಆಮೇಲೆ ಅದೇ ಪಾಠವನ್ನು ಭಾನುವಾರ ಹಳ್ಳಿಯ ಸಾಲಿ ಮಾಸ್ತರರಿಗೂ ಅಕ್ಕೋರುಗಳಿಗೂ ಶುರು ಮಾಡಿದರು.

ಬಿ.ಎ. ಹುಡುಗರ ಮೊದಲ ತಾಸು ನನಗೆ ಕಣ್ಣಿಗೆ ಕಟ್ಟಿದಂತಿದೆ. ಒಬ್ಬೊಬ್ಬರಿಗೂ ಒಂದು ಬಲ್ಬು, ಒಂದು ಸೆಲ್ಲು, ಒಂದೇ ಒಂದು ವೈರು ಕೊಡಿಸಿದರು. "ಹಚ್ಚರಿ" ಎಂದು ಕುರ್ಚಿಯಲ್ಲಿ ಕುಳಿತುಬಿಟ್ಟರು.

ನಿಡೋಣಿಯ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ನಾವು ಆರ್ಟ್ಸ್ ಸೈಡಿನವ್ರು ಇದ್ದೀವ್ರಿ."

"ಆರ್ಟ್ಸ್ ಸೈಡಿನವ್ರ ಮನ್ಯಾಗ ಲೈಟ್ ಹತ್ತೂದಿಲ್ಲೇನಪಾ?"

"ಹತ್ತತೈತ್ರಿ. ಆದ್ರ ಇನ್ನೊಂದು ವೈರ್ ಬೇಕ್ರಿ."

"ಒಂದರಾಗನ ಹತ್ತತೈತಿ. ಕುಂದರು, ಹಚ್ಚು."

ಅರ್ಧ ತಾಸಾಯಿತು. ಒಂದೊಂದೇ ಬಲ್ಬು ಹತ್ತತೊಡಗಿತು. ಹತ್ತಿದವರು ಸಣ್ಣ ಮಕ್ಕಳ ಹಾಗೆ ಕೂಗುತ್ತಿದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗಿಗೆ ಮಾತ್ರ ಆಗಲೇ ಇಲ್ಲ, ಕಣ್ಣಲ್ಲಿ ನೀರು ಬಂದಿತ್ತು. ನನಗೆ ತಡೆಯಲಾಗಲಿಲ್ಲ. ಹೋಗಿ, ಬಲ್ಬಿನ ಬುಡವನ್ನು ಸೆಲ್ಲಿನ ಮೇಲೆ ಕೂರಿಸಿ ವೈರು ಸುತ್ತಿಸಿದೆ. ಹತ್ತಿತು. ಮೇಡಂ ನೋಡಿಬಿಟ್ಟರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಆಕಿ ಬಲ್ಬ್ ನೀವು ಹಚ್ಚಿದ್ರಿ. ಈಗ ಆಕಿಗೆ ಹಚ್ಚೂದು ಏನು ಉಳೀತ್ರಿ ಅಣ್ಣಾರ?" ಎಂದರು. ಬೈದದ್ದಲ್ಲ, ಖರೇನೇ ಕೇಳಿದ್ದು. ಅಳುವ ಹುಡುಗಿಗೆ ನೆರವಾದದ್ದು ತಪ್ಪು ಹೇಗಾಯಿತು ಎಂದು ಮನಸ್ಸಿನಲ್ಲೇ ಅವರ ಮೇಲೆ ಸಿಟ್ಟು ಮಾಡಿಕೊಂಡೆ.

"ನೀವು ನೋಡೀರೇನು?" ಇದು ಅವರ ಮಾತು. ಯಾರು ಏನು ಹೇಳಿದರೂ ಮೊದಲು ಇದನ್ನೇ ಕೇಳುತ್ತಿದ್ದರು. ಹೊನವಾಡದ ಮಾಸ್ತರರೊಬ್ಬರು ರೊಟ್ಟಿ ಯಾಕೆ ಉಬ್ಬುತ್ತದೆ ಎಂಬುದಕ್ಕೆ ಪುಸ್ತಕದ ಮಾತಿನಲ್ಲಿ, ಒಳಗಿನ ನೀರು ಆವಿಯಾಗಿ ಹಿಗ್ಗುವುದರಿಂದ, ಎಂದು ಒಪ್ಪಿಸಿದರು.

"ನೀವು ನೋಡೀರೇನು?"

"ದಿನಾ ತಿಂತೀನ್ರಿ ಮೇಡಂ."

ಎಲ್ಲರೂ ನಕ್ಕರು. "ತಿನ್ನೂದು ಬ್ಯಾರೆ ಆತ್ರಿ. ಮುಂದಿನ ವಾರ ನೋಡಿಕೊಂಡು ಬರ್ರಿ" ಎಂದರು. ಮುಂದಿನ ಭಾನುವಾರ ಮಾಸ್ತರರು ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದರು. "ತೂತು ಬಿದ್ದ ರೊಟ್ಟಿ ಉಬ್ಬೂದಿಲ್ರಿ ಮೇಡಂ. ದಂಡಿ ಹರದದ್ದೂ ಉಬ್ಬೂದಿಲ್ಲ. ಹನ್ನೊಂದು ರೊಟ್ಟಿ ನಾನ ಬಡದು ನೋಡೇನಿ. ನನ್ನ ಹೆಂಡ್ತಿ ನಕ್ಕಿದ್ದು ಮಾತ್ರ ಬರಕೋಬ್ಯಾಡ್ರಿ." ಮೇಡಂ ಅವತ್ತು ಖುಷಿಯಿಂದ ಮೇಜನ್ನೇ ಬಡಿದರು. ಹನ್ನೊಂದು ರೊಟ್ಟಿಯ ಮಾತನ್ನು ಆಮೇಲೆ ಎಷ್ಟು ಮಂದಿಗೆ ಹೇಳಿದರೋ.

ನನ್ನ ಪಾಪದ ವಿಷಯಕ್ಕೆ ಬರುತ್ತೇನೆ. ಹದಿನೈದು ವರ್ಷದ ಹಿಂದಿನದು. ಆ ಡಿಸೆಂಬರಿನಲ್ಲಿ ಮೇಡಂ ತಮ್ಮ ಇಪ್ಪತ್ತೆರಡು ಶಿಕ್ಷಕರಿಗೆ ಒಂದು ಕೆಲಸ ಹಚ್ಚಿದರು. ಅವರವರ ಸಾಲಿಯ ಅಂಗಳದಲ್ಲಿ ಒಂದು ಕೋಲು ನೆಡಬೇಕು. ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ಅದರ ನೆರಳನ್ನು ಅಳೆದು ಬರೆಯಬೇಕು. ನೆರಳು ಎಲ್ಲಕ್ಕಿಂತ ಗಿಡ್ಡ ಆಗುವುದು ಎಷ್ಟು ಗಂಟೆಗೆ? ಇಷ್ಟೇ ಪ್ರಶ್ನೆ. ಉತ್ತರವನ್ನು ಮೇಡಂ ಯಾರಿಗೂ ಹೇಳಲಿಲ್ಲ.

ಟಿಕೋಟಾ, ಹೊನವಾಡ, ಘೋಣಸಗಿ, ನಿಡೋಣಿ ಎಲ್ಲ ಕಡೆಯಿಂದ ಹಾಳೆಗಳು ಬಂದವು. ಒಬ್ಬರು ಹಾಜರಿ ಪುಸ್ತಕದ ಹಾಳೆ ಹರಿದು ಬರೆದಿದ್ದರು, ಒಬ್ಬರು ಲಗ್ನಪತ್ರಿಕೆಯ ಹಿಂದೆ. ಘೋಣಸಗಿಯ ಅಕ್ಕೋರು ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಗೆರೆ ಹೊಡೆದು, ಒಂದು ರೀಡಿಂಗಿನ ಎದುರಿಗೆ "ಮೋಡ ಬಂತು, ಕಾಣಲಿಲ್ಲ" ಎಂದು ಬರೆದಿದ್ದರು. ಅದೇ ಹೊತ್ತಿಗೆ ಈ ಭಾನುವಾರದ ಕೋರ್ಸನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಒಂದು ಸಮಿತಿ ಬರುವುದಿತ್ತು. ಇಂಥ ಚಿಂದಿ ಹಾಳೆಗಳನ್ನು ತೋರಿಸಬೇಡಿ, ಒಂದು ರಜಿಸ್ಟರಿಗೆ ಚೆನ್ನಾಗಿ ಏರಿಸಿ ಎಂದು ಪ್ರಿನ್ಸಿಪಾಲರು ಹೇಳಿದರು. ನನ್ನ ಅಕ್ಷರ ಚೆನ್ನಾಗಿತ್ತು. ಮೇಡಂ ಹಾಳೆಗಳನ್ನು ನನ್ನ ಕೈಗೆ ಕೊಡುತ್ತ, "ಇದ್ದದ್ದು ಇದ್ದಂಗ ಇಳಸರಿ. ಅವ್ರು ತಪ್ಪು ಬರದಿದ್ರ ತಪ್ಪನ್ನ ಬರೀರಿ" ಎಂದರು.

ಮಧ್ಯಾಹ್ನ ಒಬ್ಬನೇ ಲ್ಯಾಬಿನಲ್ಲಿ ಕುಳಿತು ಹಾಳೆಗಳನ್ನು ನೋಡಿದೆ. ನೆರಳು ಗಿಡ್ಡ ಆದ ಹೊತ್ತು ಒಬ್ಬರದು ಹನ್ನೆರಡೂ ಇಪ್ಪತ್ತು, ಒಬ್ಬರದು ಹನ್ನೆರಡೂ ಮೂವತ್ತು. ಘೋಣಸಗಿಯ ಅಕ್ಕೋರದು ಹನ್ನೆರಡೂ ಇಪ್ಪತ್ತೈದು. ಒಬ್ಬರಾದರೂ ಹನ್ನೆರಡು ಎಂದು ಬರೆದಿರಲಿಲ್ಲ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕೆ ಎಂದು ನಾನು ಸಣ್ಣವನಿದ್ದಾಗಿಂದ ಕೇಳಿಕೊಂಡು ಬಂದವನು. ಇಷ್ಟು ಸಾದಾ ವಿಷಯದಲ್ಲಿ ಇಪ್ಪತ್ತೆರಡು ಮಂದಿಯೂ ತಪ್ಪಿದ್ದಾರೆ, ಸಮಿತಿಯವರು ನಾಳೆ ಮೇಡಂ ಅವರ ಮಾನ ಕಳೆಯುತ್ತಾರೆ ಎಂದುಕೊಂಡೆ. ಅವರು ನೇರ ಮನುಷ್ಯರು, ತಪ್ಪನ್ನೇ ಬರಿ ಎನ್ನುತ್ತಾರೆ. ಅವರನ್ನು ಉಳಿಸುವುದು ನನ್ನ ಕೆಲಸ.

ಹೀಗೆ ಇಪ್ಪತ್ತೆರಡು ಪುಟಗಳಲ್ಲೂ ಅತಿ ಗಿಡ್ಡ ನೆರಳನ್ನು ಹನ್ನೆರಡು ಗಂಟೆಯ ಎದುರಿಗೆ ತಂದು ಕೂರಿಸಿದೆ. ಅದರ ಹಿಂದಿನ ಮುಂದಿನ ಅಂಕಿಗಳನ್ನು ಅಂದವಾಗಿ ಏರಿಳಿಸಿದೆ. "ಮೋಡ ಬಂತು" ಎಂಬುದನ್ನು ಬಿಟ್ಟು ಅಲ್ಲಿಗೂ ಒಂದು ಅಂಕಿ ತುಂಬಿದೆ. ಕೈಬರಹ ಮುತ್ತಿನ ಹಾಗಿತ್ತು.

ಸಮಿತಿ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂತು. ಮೇಡಂ ರಜಿಸ್ಟರನ್ನು ಬಿಚ್ಚಿ ನೋಡಲು ಹೊತ್ತೇ ಸಿಗಲಿಲ್ಲ. ಶಿಕ್ಷಕರ ಪರವಾಗಿ ಮಾತಾಡಲು ಘೋಣಸಗಿಯ ಅಕ್ಕೋರನ್ನು ಮಾತ್ರ ಅವಸರದಿಂದ ಕರೆಸಿದ್ದರು. ಮೇಡಂ ಅವತ್ತು ಬಹಳ ಉತ್ಸಾಹದಲ್ಲಿದ್ದರು. "ಇದನ್ನ ನಾ ಹೇಳಿಕೊಟ್ಟಿಲ್ಲ. ಅವ್ರ ಬಿಸಲಾಗ ನಿಂತು ಕಂಡಕೊಂಡಾರ" ಎಂದು ರಜಿಸ್ಟರನ್ನು ಮುಂದಿಟ್ಟರು.

ಸಮಿತಿಯ ಹಿರಿಯರೊಬ್ಬರು ಪುಟ ತಿರುವಿದರು. ಇನ್ನೊಂದು, ಮತ್ತೊಂದು. ಆಮೇಲೆ ಕನ್ನಡಕ ತೆಗೆದು, "ಸೂರ್ಯ ಇಪ್ಪತ್ತೆರಡೂ ಸಾಲಿಗೆ ಭಾಳ ಶಿಸ್ತಿನಿಂದ ಬಂದು ಹೋಗ್ಯಾನಲ್ರಿ ಮೇಡಂ" ಎಂದರು. ಮೇಡಂ ರಜಿಸ್ಟರನ್ನು ತಿರುಗಿಸಿಕೊಂಡು ನೋಡಿದರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಬಾಗಿಲ ಹತ್ತಿರದಿಂದ ಕಂಡೆ. ಹಿರಿಯರು ವಿವರಿಸುತ್ತಿದ್ದರು. ದೇಶಕ್ಕೆಲ್ಲ ಒಂದೇ ಗಡಿಯಾರ, ಅದು ನಮಗಿಂತ ಬಹಳ ಪೂರ್ವದ ಕಡೆಯ ಹೊತ್ತಿಗೆ ಇಟ್ಟದ್ದು. ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುವ ಹೊತ್ತಿಗೆ, ಈ ತಿಂಗಳಲ್ಲಿ, ಹನ್ನೆರಡು ದಾಟಿ ಹತ್ತಿರ ಹತ್ತಿರ ಅರ್ಧ ತಾಸು ಆಗಿರುತ್ತದೆ. ಕೋಲು ನೆಟ್ಟು ನಿಂತವರು ಯಾರೂ ಇಲ್ಲಿ ಹನ್ನೆರಡು ಎಂದು ಬರೆಯಲಾರರು. ಕೂತು ಬರೆದವರು ಮಾತ್ರ ಬರೆಯುತ್ತಾರೆ.

ನಾನು ಬಾಗಿಲ ಮರೆಗೆ ಸರಿದೆ.

ಮೇಡಂ ಅಕ್ಕೋರ ಕಡೆ ತಿರುಗಿದರು. "ನೀವು ಎಷ್ಟು ಬರದಿದ್ರಿ?"

"ಹನ್ನೆರಡೂ ಇಪ್ಪತ್ತೈದು ಬರದಿದ್ದೆರಿ ಮೇಡಂ. ಖರೇನ್ರಿ."

"ಈಗ ನಾವು ಹೇಳಿದ ಮ್ಯಾಲ ಎಲ್ಲಾರದೂ ಇಪ್ಪತ್ತೈದನ ಆಕ್ಕೈತಿ ಬಿಡ್ರಿ" ಎಂದು ಸಮಿತಿಯ ಇನ್ನೊಬ್ಬರು ನಕ್ಕರು. ಅಕ್ಕೋರು ಸೆರಗು ಬಿಗಿ ಹಿಡಿದು ತಲೆ ತಗ್ಗಿಸಿದರು.

ಮೇಡಂ ಹೊರಗೆ ಬಂದು ನನ್ನನ್ನು ಪಡಸಾಲೆಯ ಮೂಲೆಗೆ ಕರೆದರು. "ಮೂಲ ಹಾಳಿ ಎಲ್ಲಿ ಅದಾವ್ರಿ?"

ಅವು ನನ್ನ ಮೇಜಿನ ಖಾನೆಯಲ್ಲಿದ್ದವು. ಹತ್ತು ಹೆಜ್ಜೆಯ ದೂರ.

"ಹರದು ಒಗದೀನ್ರಿ ಮೇಡಂ. ಇಳಿಸಿದ ಮ್ಯಾಲ ಯಾಕ ಬೇಕಂತ."

"ಹಿಂದೊಮ್ಮೆ ಲೋಲಕದಾಗ ಆಗಿತ್ತಲ್ಲ, ಅದಕ್ಕ ಕೇಳಾಕತ್ತೀನಿ. ಏನರ ಬದಲಿ ಮಾಡೀರೇನು ಅಣ್ಣಾರ?"

"ನನ್ನ ಮಗಳ ಆಣಿ ಐತ್ರಿ. ಇದ್ದದ್ದು ಇದ್ದಂಗ ಬರದೇನಿ."

ಕೆಲಸ ಹೋಗುತ್ತದೆ ಎಂಬ ಅಂಜಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಅವರೆದುರು ಸಣ್ಣವನಾಗುವ ಅಂಜಿಕೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ನನ್ನನ್ನು ನಂಬಿದರು. ಇದನ್ನು ಬರೆಯಲು ನನಗೆ ಹದಿನೈದು ವರ್ಷ ಬೇಕಾಯಿತು. ಅವರು ಬೈದಿದ್ದರೆ, ಸಂಶಯ ಪಟ್ಟಿದ್ದರೆ ನಾನು ಹೇಗೋ ಬದುಕಿಬಿಡುತ್ತಿದ್ದೆ. ಅಷ್ಟು ವರ್ಷ ಜೊತೆಗಿದ್ದ ನನ್ನ ಮಾತಿಗೂ ಒಂದು ಚಳಿಗಾಲದ ಪರಿಚಯದ ಅಕ್ಕೋರ ಮಾತಿಗೂ ನಡುವೆ ಅವರು ನನ್ನದನ್ನು ಆರಿಸಿಕೊಂಡರು.

ಮುಂದಿನ ವರ್ಷ ಭಾನುವಾರದ ಪಾಠ ನಿಂತಿತು. ಬಿ.ಎ.ಯವರ ಪೇಪರೂ ಹೋಯಿತು. ಆ ತಾಸಿಗೆ ಬೇರೆ ಏನೋ ಹಾಕಿದರು. ಮೇಡಂ ಬಿ.ಎಸ್ಸಿ. ಪಾಠವನ್ನು ಮೊದಲಿನಂತೆಯೇ ಮಾಡುತ್ತಿದ್ದರು. ಥೈಲಿ ಮಾತ್ರ ತರುವುದನ್ನು ಬಿಟ್ಟರು. ಒಂದು ಮಧ್ಯಾಹ್ನ ಅವರು ಅಂಗಳ ದಾಟುವಾಗ ಛತ್ರಿ ಬಿಚ್ಚಿಕೊಂಡು ಹೋಗುತ್ತಿದ್ದುದನ್ನು ಕಂಡೆ. ಕಿಟಕಿಯಿಂದ ಹಿಂದೆ ಸರಿದೆ.

ನಾನು ನಿವೃತ್ತನಾಗುವಾಗ ಆ ಹಾಳೆಗಳನ್ನು ಮನೆಗೆ ತಂದು ಟ್ರಂಕಿನ ಅಡಿಗೆ ಇಟ್ಟೆ. ಕೆಲವು ವರ್ಷಗಳ ಮೇಲೆ ಮೇಡಂ ಕೂಡ ನಿವೃತ್ತರಾದರು. ಒಂದು ದಿನ ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಬಲೇಶ್ವರಕ್ಕೆ ಹೋದೆ. ಇನ್ನು ಕೆಲಸ ಹೋಗುವ ಅಂಜಿಕೆಯೂ ಇರಲಿಲ್ಲ. ಮೇಡಂ ಕಟ್ಟೆಯ ಮೇಲೆ ಕುಳಿತಿದ್ದರು. "ಬರ್ರಿ ಅಣ್ಣಾರ, ಬರ್ರಿ" ಎಂದು ಎದ್ದೇ ಬಂದರು. ಚುರುಮುರಿ, ಚಹಾ ಆಯಿತು. ಚೀಲ ನನ್ನ ತೊಡೆಯ ಮೇಲೆಯೇ ಇತ್ತು. ಮಾತಿಗೆ ಮಾತು ಬಂದು ಅವರೇ ಆ ವಿಷಯ ತೆಗೆದರು.

"ಸಮಿತಿ ಬೈದದ್ದಕ್ಕ ನನಗ ಏನೂ ಅನ್ನಿಸಿಲ್ರಿ. ಕೋರ್ಸು ಹೋದ್ರ ಹೋಗಲಿ. ಇಪ್ಪತ್ತೆರಡು ಮಂದ್ಯಾಗ ಒಬ್ಬರರ ಬಿಸಲಾಗ ನಿಂತಿದ್ರ ಸಾಕಿತ್ತು. ಒಬ್ಬರರ." ಖಾಲಿ ಕಪ್ಪನ್ನು ಕೆಳಗಿಟ್ಟು, "ನಾನ ಸರಿ ಕಲಿಸಿಲ್ಲ" ಎಂದರು.

ಇಪ್ಪತ್ತೆರಡೂ ಮಂದಿ ನಿಂತಿದ್ದರು. ಅವರ ಬಿಸಿಲು, ಅವರ ಮೋಡ, ಎಲ್ಲ ನನ್ನ ತೊಡೆಯ ಮೇಲೆ ಚೀಲದಲ್ಲಿತ್ತು. ಗಂಟು ಬಿಚ್ಚಲು ಬೆರಳು ಹೋಯಿತು. ಬಿಚ್ಚಿದರೆ ಅವರಿಗೆ ಶಿಕ್ಷಕರು ಸಿಗುತ್ತಾರೆ, ನಾನು ಹೋಗುತ್ತೇನೆ. "ಬಸ್ಸಿಗೆ ಹೊತ್ತಾತ್ರಿ ಮೇಡಂ" ಎಂದು ಎದ್ದೆ. "ಚೀಲದಾಗ ಏನು ತಂದೀರಿ?" ಎಂದು ಕೇಳಿದರು. "ಮನೀ ಕಾಗದಪತ್ರ" ಎಂದೆ. ಅದು ಅವರೆದುರು ಬಾಯಿಂದ ಆಡಿದ ಮೂರನೆಯ ಸುಳ್ಳು.

ಇನ್ನೊಮ್ಮೆ ಹೋದಾಗ ಅವರಿಗೆ ಕಣ್ಣು ಮಂಜಾಗಿತ್ತು, ಹಾಳೆ ತೋರಿಸಿದರೂ ಓದಲಾರರು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಮೂರನೆಯ ಸಲ ಹೋಗುವುದರೊಳಗೆ ಸುದ್ದಿ ಬಂತು.

ಕಾಲೇಜಿನ ಫೋನು ಬಂದ ಮೇಲೆ, ಕಳೆದ ವಾರ, ಘೋಣಸಗಿಗೆ ಹೋದೆ. ಅಕ್ಕೋರು ಈಗ ಅಲ್ಲಿಯೇ ಮುಖ್ಯ ಶಿಕ್ಷಕಿ. ನನ್ನನ್ನು ಗುರುತು ಹಿಡಿದು ಕುರ್ಚಿ ಹಾಕಿಸಿದರು. ನಾನು ಕೂರಲಿಲ್ಲ. ಕ್ಯಾಲೆಂಡರಿನ ಹಾಳೆಯನ್ನು ಅವರ ಕೈಗೆ ಕೊಟ್ಟು, ಮಾಡಿದ್ದನ್ನೆಲ್ಲ ಹೇಳಿದೆ. ಅವರು ಹಾಳೆಯ ಮೇಲೆ ಬೆರಳಾಡಿಸುತ್ತ ಓದಿದರು.

"ಹನ್ನೆರಡೂ ಇಪ್ಪತ್ತೈದು" ಎಂದರು. "ಮೋಡ ಬಂತು, ಕಾಣಲಿಲ್ಲ." ಮತ್ತೆ ನನ್ನತ್ತ ನೋಡಿದರು. "ಅವತ್ತ ಮನಿಗೆ ಬಂದು ನನ್ನ ಯಜಮಾನ್ರಿಗೆ ಕೇಳಿದ್ನಿರಿ, ನಾ ಖರೇ ಇಪ್ಪತ್ತೈದ ಬರದಿದ್ನೋ ಇಲ್ಲೋ ಅಂತ. ನನಗ ನನ್ನ ಮ್ಯಾಲ ಸಂಶೆ ಬಂದಿತ್ತು. ಆಮ್ಯಾಲ ನಾ ಕೋಲು ನೆಟ್ಟಿಲ್ಲ. ಮಕ್ಕಳಿಗೆ ಪುಸ್ತಕದಾಗ ಇದ್ದದ್ದನ್ನ ಓದಿ ಹೇಳತೀನಿ."

"ತಪ್ಪಾತ್ರಿ ಅಕ್ಕೋರ. ಕ್ಷಮಾ ಮಾಡ್ರಿ."

"ಮಾಡತೀನ್ರಿ. ನಂದೇನು ಹೋಗೂದೈತಿ. ಆದ್ರ ಮೇಡಂ ಅವ್ರು ನನ್ನ ಸುಳ್ಳಿ ಅಂತ ತಿಳಕೊಂಡನ ಹ್ವಾದ್ರಲ್ರಿ ಕಾಕಾ. ಅದನ್ನ ಏನು ಮಾಡೂಣು?"

ಅವರು ಹಾಳೆಯನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡರು. ವರ್ಗದಲ್ಲಿ ಮಕ್ಕಳ ಗದ್ದಲ ಏರಿತ್ತು. ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು. "ಮೂವತ್ತು ವರ್ಷ ಲ್ಯಾಬಿನ್ಯಾಗ ಇದ್ರಿ. ಆ ನೆರಳು ಯಾವತ್ತರ ನೀವು ನೋಡೀರೇನು?"

ಇಲ್ಲ ಎಂದೆ.

ಅವರು ವರ್ಗಕ್ಕೆ ಹೋದರು. ನಾನು ಅಂಗಳಕ್ಕೆ ಬಂದೆ. ಗಡಿಯಾರದಲ್ಲಿ ಹನ್ನೆರಡಾಗಲು ಐದು ನಿಮಿಷ ಇತ್ತು. ಧ್ವಜದ ಕಂಬದ ನೆರಳು ಉತ್ತರಕ್ಕೆ, ಸ್ವಲ್ಪ ಪಡುವಣಕ್ಕೆ ವಾಲಿ ಬಿದ್ದಿತ್ತು. ಅದರ ತುದಿಗೆ ಒಂದು ಹರಳು ಇಟ್ಟೆ. ಹನ್ನೆರಡಾಯಿತು. ನೆರಳು ಹರಳಿನಿಂದ ಒಳಕ್ಕೆ ಸರಿದಿತ್ತು. ಇನ್ನೊಂದು ಹರಳು ಇಟ್ಟೆ. ಹನ್ನೆರಡೂ ಐದು, ಹನ್ನೆರಡೂ ಹತ್ತು. ಅದು ಇನ್ನೂ ಗಿಡ್ಡವಾಗುತ್ತಲೇ ಇತ್ತು. ನನ್ನ ಬಸ್ಸು ಬಂತು, ಹೋಯಿತು. ತಲೆ ಸುಡುತ್ತಿತ್ತು. ಒಂದು ಗಂಟೆಯವರೆಗೂ ನಿಂತು, ಬಗ್ಗಿ ಬಗ್ಗಿ ಗೇಣಿನಿಂದ ಅಳೆದು ಬರೆದೆ.

ಆ ಹಾಳೆಯನ್ನೂ ಉಳಿದ ಇಪ್ಪತ್ತೊಂದು ಹಾಳೆಗಳನ್ನೂ ಈ ಬರಹದ ಜೊತೆಗೆ ಕಾಲೇಜಿಗೆ ಕಳಿಸುತ್ತಿದ್ದೇನೆ. ಪುಸ್ತಕದಲ್ಲಿ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ನನಗೆ ನೆರಳು ಅತಿ ಗಿಡ್ಡ ಕಂಡದ್ದು ಹನ್ನೆರಡೂ ಮೂವತ್ತಕ್ಕೆ. ಗೇಣಿನ ಅಳತೆ, ತಪ್ಪಿರಬಹುದು. ಕಂಡದ್ದನ್ನೇ ಬರೆದಿದ್ದೇನೆ. ಸರಿಯೋ ತಪ್ಪೋ ನೋಡಿ ಹೇಳಬೇಕಾದವರು ಇಲ್ಲ.